ಹದಿನೈದು ಇಂಚಿನ ಹಳಿ, ಒಬ್ಬ ಧಣಿ

ಹಳಿಯ ಪಕ್ಕದ ಮಾತು: ಓದುಗರ ಪ್ರಶ್ನೆಗಳಿಗೆ ಉತ್ತರ

2011ರ ಜೂನ್ ತಿಂಗಳಲ್ಲಿ ಇಂಗ್ಲೆಂಡಿನಲ್ಲಿರುವ ಮಗನ ಮನೆಗೆ ಹೋಗಿದ್ದಾಗ, ಕೆಂಟ್ ಕರಾವಳಿಯ ರೊಮ್ನಿ, ಹೈದ್ ಮತ್ತು ಡಿಮ್‌ಚರ್ಚ್ ಎಂಬ ಪುಟ್ಟ ರೈಲಿನಲ್ಲಿ ಒಂದು ಹಗಲು ಕಳೆದದ್ದನ್ನು ಹೋದ ಸಂಚಿಕೆಯಲ್ಲಿ ಹತ್ತು ಸಾಲಿನಲ್ಲಿ ಬರೆದಿದ್ದೆ. ಅಷ್ಟು ಗಿಡ್ಡ ರೈಲಿಗೆ ಇಷ್ಟುದ್ದದ ಅಂಚೆ ಬರುತ್ತದೆಂದು ಎಣಿಸಿರಲಿಲ್ಲ. ಉಳಿದ ಪ್ರಶ್ನೆಗಳು ಮುಂದಿನ ತಿಂಗಳಿಗಿರಲಿ. ಈ ಸಲದ ಪುಟವೆಲ್ಲ ಆ ರೈಲಿಗೇ.

ಹದಿನೈದು ಇಂಚು ಅಗಲದ ಹಳಿಯ ಮೇಲೆ ಓಡುವುದು ಜಾತ್ರೆಯ ರೈಲು. ಅದನ್ನು ‘ನಿಜವಾದ ರೈಲು’ ಎಂದು ಹೇಗೆ ಬರೆದಿರಿ? (ಹೊನ್ನಾವರದ ಓದುಗರು)

ಹೈದ್ ನಿಲ್ದಾಣದಲ್ಲಿ ಟಿಕೆಟ್ ಕೊಳ್ಳುವವರೆಗೆ ನನ್ನ ಅಭಿಪ್ರಾಯವೂ ಅದೇ ಆಗಿತ್ತು. ಮೀಟರ್ ಗೇಜಿನ ಉಗಿ ಎಂಜಿನ್ನುಗಳ ಶೆಡ್ಡಿನಲ್ಲಿ ಫಿಟ್ಟರ್ ಆಗಿ ಆಯುಷ್ಯ ಸವೆಸಿದವನು ನಾನು. ನನ್ನ ಭುಜದಷ್ಟೂ ಎತ್ತರವಿಲ್ಲದ ಎಂಜಿನ್ ಹೊಗೆ ಬಿಡುತ್ತ ನಿಂತಿರುವುದನ್ನು ಕಂಡಾಗ ನಗು ಬಂದದ್ದು ಸುಳ್ಳಲ್ಲ. ಡಾರ್ಜಿಲಿಂಗಿನ ಹಳಿಯಾದರೂ 610 ಮಿಲಿಮೀಟರ್ ಅಗಲವಿದೆ. ಇಲ್ಲಿಯದು ಬರೀ 381.

ಡಬ್ಬಿಯೊಳಗೆ ಹೊಕ್ಕು ಮಂಡಿ ಮಡಚಿ ಕುಳಿತ ಮೇಲೆ ನಗು ಇಳಿಯಿತು. ದಾರಿ ಹದಿಮೂರೂವರೆ ಮೈಲಿ, ಹತ್ತಿರ ಹತ್ತಿರ 22 ಕಿಲೋಮೀಟರ್. ಹೈದ್‌ನಿಂದ ನ್ಯೂ ರೊಮ್ನಿಯವರೆಗೆ ಹೋಗುವುದಕ್ಕೊಂದು, ಬರುವುದಕ್ಕೊಂದು ಹೀಗೆ ಜೋಡಿ ಹಳಿ. ಸಿಗ್ನಲ್ ಉಂಟು, ವೇಳಾಪಟ್ಟಿ ಉಂಟು, ಗಂಟೆಗೆ 25 ಮೈಲಿಯ ವೇಗಮಿತಿ ಉಂಟು. ಇಪ್ಪತ್ತೈದು ಎಂದರೆ ಕಡಿಮೆ ಎನಿಸಬಹುದು. ನೆಲಕ್ಕೆ ಅಷ್ಟು ಹತ್ತಿರ ಕುಳಿತಾಗ ಪಕ್ಕದ ಹುಲ್ಲು ಗೆರೆಗೆರೆಯಾಗಿ ಹಿಂದಕ್ಕೆ ಓಡುತ್ತದೆ. ನನ್ನ ಮೊಮ್ಮಗಳು ನನ್ನ ತೋಳು ಬಿಡಲಿಲ್ಲ. ನಾನು ಕಿಟಕಿಯ ಚೌಕಟ್ಟು ಬಿಡಲಿಲ್ಲ.

ಇದು ಆಟದ ರೈಲಲ್ಲವೆಂದು ಮನಸ್ಸು ಒಪ್ಪಿದ್ದು ಮಾತ್ರ ಸಂಜೆ, ನ್ಯೂ ರೊಮ್ನಿಯಲ್ಲಿ. ಶಾಲೆ ಬಿಟ್ಟಿತ್ತು. ಸಮವಸ್ತ್ರದ ಹುಡುಗ ಹುಡುಗಿಯರು ಚೀಲ ಹೊತ್ತು ಡೀಸೆಲ್ ಎಂಜಿನ್ ಹೂಡಿದ್ದ ಗಾಡಿಗೆ ಹತ್ತಿದರು. ಒಬ್ಬನೂ ಎಂಜಿನ್ ಕಡೆ ತಿರುಗಿ ನೋಡಲಿಲ್ಲ. ಒಬ್ಬಳು ಬಾಗಿಲಿಗೆ ಚೀಲ ಒರಗಿಸಿ ಮೊಬೈಲಿನಲ್ಲಿ ಮುಳುಗಿದಳು, ಇನ್ನೊಬ್ಬ ಆಗಲೇ ಆಕಳಿಸುತ್ತಿದ್ದ. ಜಾತ್ರೆಯ ರೈಲಿನಲ್ಲಿ ಯಾರೂ ಆಕಳಿಸುವುದಿಲ್ಲ. 1977ರಿಂದ 2015ರವರೆಗೆ ಆ ಸೀಮೆಯ ಮಕ್ಕಳು ಇದೇ ರೈಲಿನಲ್ಲಿ ಶಾಲೆಗೆ ಹೋಗಿ ಬಂದರು. ನಿಮ್ಮ ಪ್ರಶ್ನೆಗೆ ಆ ಆಕಳಿಕೆಯೇ ನನ್ನ ಉತ್ತರ.

ಇಡೀ ರೈಲು ಒಬ್ಬನ ಸ್ವಂತದ್ದಾಗಿತ್ತು ಎಂದಿದ್ದೀರಿ. ಯಾರು ಆ ಪುಣ್ಯಾತ್ಮ? ಅಷ್ಟು ಹಣ ಎಲ್ಲಿಂದ ಬಂತು? (ಶಿರಸಿಯ ಓದುಗರು)

ಕ್ಯಾಪ್ಟನ್ ಜೆ. ಇ. ಪಿ. ಹೌಯಿ. 1886ರಲ್ಲಿ ಹುಟ್ಟಿದ, 1963ರಲ್ಲಿ ತೀರಿಕೊಂಡ. ಹಣದ ಬೇರು ಹುಡುಕಿದರೆ ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ ಹೋಗಬೇಕು. 1837ರಲ್ಲಿ, ಆ ಊರು ಇನ್ನೂ ಕಣ್ಣು ಬಿಡುತ್ತಿದ್ದಾಗ, ಅಲ್ಲಿ ನಡೆದ ಮೊದಲ ನಿವೇಶನ ಹರಾಜಿನಲ್ಲಿ ಈ ಮನೆತನದ ಹೆನ್ರಿ ಹೌಯಿ ಎಂಬಾತ ಕಾಲಿನ್ಸ್ ಬೀದಿಯಲ್ಲಿ ಜಾಗ ಕೂಗಿಕೊಂಡ. ಮರುವರ್ಷವೇ ಆತ ಸಂಸಾರ ಸಮೇತ ಸಮುದ್ರದ ಪಾಲಾದ. ಜಾಗ ಉಳಿದವರಿಗೆ ಬಂತು, ಅದರ ಸುತ್ತ ಮಹಾನಗರವೇ ಎದ್ದಿತು, ಬಾಡಿಗೆ ತಲೆಮಾರುಗಳವರೆಗೆ ಹರಿದು ಬಂತು. ಆ ನಗರದಲ್ಲಿ ಇಂದಿಗೂ ಹೌಯಿ ಪ್ಲೇಸ್ ಎಂಬ ಓಣಿಯಿದೆ. ಕೆಂಟಿನ ಜೌಗುನೆಲದಲ್ಲಿ ಸುಟ್ಟ ಕಲ್ಲಿದ್ದಲಿಗೆ ಮೆಲ್ಬರ್ನ್ ಅಂಗಡಿಗಳ ಬಾಡಿಗೆ ಆಧಾರ.

ಬಾಡಿಗೆ ತಿಂದು ಮಲಗುವ ಜಾತಿಯವನಲ್ಲ ಈತ. ಮೊದಲ ಮಹಾಯುದ್ಧದಲ್ಲಿ ವಿಮಾನದ ವೀಕ್ಷಕನಾಗಿದ್ದ. 1915ರ ನವೆಂಬರಿನಲ್ಲಿ ಆಕಾಶದಲ್ಲೇ ಪೈಲಟ್ ಸತ್ತ. ಹೌಯಿ ಸತ್ತವನಿಂದ ಹಿಡಿತ ತೆಗೆದುಕೊಂಡು ವಿಮಾನವನ್ನು ಹೇಗೋ ನೆಲಕ್ಕಿಳಿಸಿದ, ಜರ್ಮನರ ಕೈಗೆ ಸೆರೆಯಾದ. ಯುದ್ಧ ಮುಗಿದ ಮೇಲೆ ಮೋಟಾರ್ ರೇಸಿನ ಹುಚ್ಚು ಹತ್ತಿತು.

ಅಲ್ಲಿ ಜೊತೆಯಾದವನು ಕೌಂಟ್ ಲೂಯಿ ಜ್ಬೊರೊವ್ಸ್ಕಿ, ಈತನಷ್ಟೇ ಸಿರಿವಂತ, ಇನ್ನೂ ಹೆಚ್ಚು ಹುಚ್ಚ. ಹದಿನೈದು ಇಂಚಿನ ಹಳಿಯ ಮೇಲೆ ದೊಡ್ಡ ರೈಲಿನ ಠೀವಿಯ ಎಕ್ಸ್‌ಪ್ರೆಸ್ ಓಡಿಸಬೇಕೆಂಬ ಕನಸು ಇಬ್ಬರದ್ದೂ. ಹೆನ್ರಿ ಗ್ರೀನ್‌ಲಿ ಎಂಬ ಎಂಜಿನಿಯರ್ ನಕ್ಷೆ ಬರೆದ, ಕೋಲ್ಚೆಸ್ಟರ್‌ನ ಡೇವಿ ಪ್ಯಾಕ್ಸ್‌ಮನ್ ಕಾರ್ಖಾನೆಗೆ ಕೌಂಟ್ ಎರಡು ಎಂಜಿನ್ ಹೇಳಿಯೂಬಿಟ್ಟ. ಆಗ ಹಳಿ ಇರಲಿ, ಹಳಿ ಹಾಸುವ ಜಾಗವೂ ಗೊತ್ತಿರಲಿಲ್ಲ! ಎಂಜಿನ್ನುಗಳು ಶೆಡ್ಡಿನಿಂದ ಹೊರಬರುವ ಮೊದಲೇ, 1924ರ ಅಕ್ಟೋಬರ್ 19ರಂದು, ಇಟಲಿಯ ಮೊಂಜಾದ ರೇಸಿನಲ್ಲಿ ಕೌಂಟ್ ಸತ್ತ. ಅವನ ತಂದೆ ಸತ್ತದ್ದೂ 1903ರಲ್ಲಿ ಇಂಥದೇ ರೇಸಿನಲ್ಲಿ. ಎರಡು ವರ್ಷ ಕಳೆಯುವುದರೊಳಗೆ ಹೌಯಿಯ ತಮ್ಮನೂ ಫ್ರಾನ್ಸಿನ ಬೂಲೋನ್‌ನಲ್ಲಿ ಕಾರು ಓಡಿಸುತ್ತ ಪ್ರಾಣ ಬಿಟ್ಟ.

ಗೆಳೆಯ ಬಿಟ್ಟುಹೋದ ಎರಡು ಎಂಜಿನ್‌ಗಳು ಹೌಯಿಯ ಪಾಲಿಗೆ ಬಂದವು: ಗ್ರೀನ್ ಗಾಡೆಸ್ ಮತ್ತು ನಾರ್ದರ್ನ್ ಚೀಫ್. ಅವುಗಳಿಗೆ ಹಳಿ ಬೇಕಿತ್ತು. ಸರ್ದರ್ನ್ ರೈಲ್ವೆಯ ಜನರಲ್ ಮ್ಯಾನೇಜರ್ ಸರ್ ಹರ್ಬರ್ಟ್ ವಾಕರ್ ರೊಮ್ನಿಯ ಬಯಲಿನತ್ತ ಬೆರಳು ತೋರಿಸಿದರು. ಏರಿಲ್ಲ, ಇಳಿತವಿಲ್ಲ, ಕುರಿ ಮೇಯುವ ಚಪ್ಪಟೆ ನೆಲ. ವೇಗದ ಹುಚ್ಚಿನವನಿಗೆ ಇನ್ನೇನು ಬೇಕು? 1926ರಲ್ಲಿ ಸರ್ಕಾರದ ಅನುಮತಿ, 1927ರ ಜುಲೈ 16ರಂದು ಹೈದ್‌ನಿಂದ ನ್ಯೂ ರೊಮ್ನಿಗೆ ಸಂಚಾರ, ಮರುವರ್ಷ ಡಂಜನೆಸ್‌ವರೆಗೆ ವಿಸ್ತರಣೆ.

ಇಷ್ಟು ಸಾವುಗಳ ನಡುವೆ ಈತ ಹಳಿ ಹಾಸುತ್ತಿದ್ದ ಎಂಬುದನ್ನು ಊರಿಗೆ ಮರಳಿದ ಮೇಲೆ ಓದಿ ತಿಳಿದೆ. ಮೊದಲೇ ತಿಳಿದಿದ್ದರೆ ಆ ಎಂಜಿನ್‌ಗಳನ್ನು ನೋಡಿ ನಗುತ್ತಿರಲಿಲ್ಲವೇನೋ.

ಅಷ್ಟು ಚಿಕ್ಕ ಗೇಜನ್ನೇ ಏಕೆ ಆರಿಸಿದರು? ಚಿಕ್ಕ ಎಂಜಿನ್ ಎಂದರೆ ದೊಡ್ಡದನ್ನು ಕುಗ್ಗಿಸಿದ್ದು ತಾನೆ? (ತುಮಕೂರಿನ ಎಂಜಿನಿಯರಿಂಗ್ ವಿದ್ಯಾರ್ಥಿ)

ಹದಿನೈದು ಇಂಚು ಇವರು ಕಂಡುಹಿಡಿದದ್ದಲ್ಲ. ಡರ್ಬಿಶೈರಿನ ಸರ್ ಆರ್ಥರ್ ಹೇವುಡ್ 1870ರ ದಶಕದಲ್ಲೇ ತನ್ನ ಎಸ್ಟೇಟಿನಲ್ಲಿ ಈ ಅಳತೆಯ ಹಳಿ ಹಾಕಿ, ಮನುಷ್ಯರನ್ನೂ ಸರಕನ್ನೂ ಭದ್ರವಾಗಿ ಹೊರಬಲ್ಲ ಅತಿ ಕಿರಿಯ ಗೇಜು ಇದೇ ಎಂದು ತೋರಿಸಿದ್ದ. ಹೇವುಡ್‌ನಿಗೆ ಬೇಕಾಗಿದ್ದದ್ದು ಎಸ್ಟೇಟಿನ ದುಡಿಮೆ. ಹೌಯಿಗೆ ಬೇಕಾಗಿದ್ದದ್ದು ಠೀವಿ.

ಇನ್ನು ಕುಗ್ಗಿಸುವ ಮಾತು. ಹಳಿಯ ಅಗಲ ದೊಡ್ಡ ಬ್ರಿಟಿಷ್ ರೈಲಿನದಕ್ಕಿಂತ ಸುಮಾರು ನಾಲ್ಕನೆಯ ಒಂದಂಶ, ಎಂಜಿನ್ನಿನ ಒಡಲು ಮೂರನೆಯ ಒಂದಂಶ. ಹಳಿಗೆ ಹೋಲಿಸಿದರೆ ಎಂಜಿನ್ ತುಸು ದಡೂತಿ. ಹಾಗೆ ಮಾಡದೆ ವಿಧಿಯಿಲ್ಲ, ಏಕೆಂದರೆ ಡ್ರೈವರನನ್ನು ಕುಗ್ಗಿಸಲಾಗದು. ಎಲ್ಲ ಅಳತೆಯನ್ನೂ ಮೂರನೆಯ ಒಂದಂಶಕ್ಕೆ ಇಳಿಸಿದರೆ, ಕಲ್ಲಿದ್ದಲು ಉರಿಯುವ ಜಾಲರಿಯ ವಿಸ್ತೀರ್ಣ ಒಂಬತ್ತನೆಯ ಒಂದಂಶವಾಗುತ್ತದೆ, ಎಂಜಿನ್ನಿನ ತೂಕ ಮಾತ್ರ ಇಪ್ಪತ್ತೇಳನೆಯ ಒಂದಂಶಕ್ಕೆ ಇಳಿಯುತ್ತದೆ. ಮೈತೂಕಕ್ಕೆ ಹೋಲಿಸಿದರೆ ಒಲೆ ದೊಡ್ಡದು ಎಂದಾಯಿತು. ಇದನ್ನು ಕಾಗದದ ಮೇಲೆ ಒಮ್ಮೆ ಲೆಕ್ಕ ಹಾಕಿ ನೋಡು ಮಗು, ಪುಟ್ಟ ಎಂಜಿನ್ ಅಷ್ಟುದ್ದ ಗಾಡಿಯನ್ನು ಹೇಗೆ ಎಳೆಯುತ್ತದೆಂಬ ಗುಟ್ಟು ಅರ್ಧ ಬಿಡುತ್ತದೆ. ಉಳಿದರ್ಧ, ಏರು ಇಲ್ಲದ ನೆಲ.

ನೀವು ಮೀಟರ್ ಗೇಜಿನ ವೈಪಿ ಉಗಿ ಎಂಜಿನ್‌ಗಳ ಮೇಲೆ ಕೆಲಸ ಮಾಡಿದವರು. ಈ ಎಂಜಿನ್ ಹತ್ತಿರದಿಂದ ಹೇಗಿತ್ತು? (ಅರಸೀಕೆರೆಯ ನಿವೃತ್ತ ಗಾರ್ಡ್)

ನಿಮ್ಮಂಥವರು ಕೇಳಿದರೆ ಬರೆಯಲು ಹುರುಪು. ವೈಪಿಯೂ ಪ್ಯಾಸಿಫಿಕ್, ಗ್ರೀನ್ ಗಾಡೆಸ್ ಕೂಡ ಪ್ಯಾಸಿಫಿಕ್. ಪ್ಯಾಸಿಫಿಕ್ ಎಂದರೆ ಮುಂದೆ ನಾಲ್ಕು, ನಡುವೆ ಆರು, ಹಿಂದೆ ಎರಡು, ಅದೇ ಚಕ್ರಗಳ ಲೆಕ್ಕ. ನಡುವಿನ ಚಕ್ರ ವೈಪಿಯಲ್ಲಿ ನಮ್ಮ ಎದೆಗೆ ಬರುತ್ತಿತ್ತು, ಇಲ್ಲಿ ಮಂಡಿಗಿಂತ ಸ್ವಲ್ಪ ಮೇಲೆ. ಪಕ್ಕದಲ್ಲಿ ಸಿಲಿಂಡರಿಗೆ ಉಗಿ ಬಿಡುವುದನ್ನು ಹಿಡಿತದಲ್ಲಿಡುವ ಅದೇ ವಾಲ್ಶಾರ್ಟ್ಸ್ ವಾಲ್ವ್ ಗೇರ್.

ಹೈದ್‌ನಲ್ಲಿ ಎಂಜಿನನ್ನು ಬಿಚ್ಚಿ ಟರ್ನ್‌ಟೇಬಲ್ ಮೇಲೆ ತಿರುಗಿಸಿ ಮತ್ತೆ ಗಾಡಿಯ ಮುಂದಕ್ಕೆ ತಂದರು. ಡ್ರೈವರ್ ಕೆಳಗಿಳಿದು ಎಣ್ಣೆ ಹಾಕಲು ತೊಡಗಿದ. ನಾನು ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತೆ. ಚಕ್ರಗಳನ್ನು ಜೋಡಿಸುವ ಸೈಡ್ ರಾಡಿನ ಕೀಲಿಗೆ ಎರಡು ಹನಿ, ಪಿಸ್ಟನ್ ಕೋಲಿನ ತುದಿಯ ಕ್ರಾಸ್‌ಹೆಡ್ಡಿಗೆ ಒಂದು, ಸೋರಿದ್ದನ್ನು ಕೂಡಲೇ ಒರೆಸಿದ. ಕೈಯಲ್ಲಿದ್ದ ಬಟ್ಟೆ ಮೂಲೆಯಿಂದ ಮೂಲೆಗೆ ಕರ್ರಗಾಗಿತ್ತು, ರಾಡು ಮಾತ್ರ ಬೆಳ್ಳಿಯ ಸರಿಗೆಯ ಹಾಗೆ. ಬೇರಿಂಗ್ ಬಿಸಿಯಾಗಿದೆಯೇ ಎಂದು ಅಂಗೈ ಒಳಗಿಡದೆ ಬೆರಳಿನ ಹಿಂಭಾಗ ಇಟ್ಟು ನೋಡಿದ. ನಮ್ಮ ಶೆಡ್ಡಿನಲ್ಲಿ ನನಗೆ ಮೊದಲ ವಾರ ಕಲಿಸಿದ್ದೂ ಅದೇ ರೀತಿ. ಅಂಗೈ ಸುಟ್ಟರೆ ಸ್ಪ್ಯಾನರ್ ಹಿಡಿಯಲಾಗದು, ಬೆರಳ ಹಿಂಭಾಗ ಸುಟ್ಟರೆ ಕೆಲಸ ನಿಲ್ಲುವುದಿಲ್ಲ. ನಾನು ನನ್ನ ಕೈ ತಿರುಗಿಸಿ, ಹಿಂಭಾಗದ ಹಳೆಯ ಗುರುತು ತೋರಿಸಿದೆ. ಅವನೂ ತನ್ನದನ್ನು ತೋರಿಸಿದ. ನನ್ನ ಇಂಗ್ಲಿಷ್ ಅವನಿಗೆ ಎಷ್ಟು ತಿಳಿಯಿತೋ, ಅವನದು ನನಗೆ ಅರ್ಧ ತಿಳಿಯಲಿಲ್ಲ. ಅದರ ಅಗತ್ಯವೂ ಬೀಳಲಿಲ್ಲ.

ಇಲ್ಲಿ ಫೈರ್‌ಮನ್ ಇಲ್ಲ. ಒಬ್ಬನೇ ಕುಳಿತು ಉಗಿ ಬಿಡುವ ಹಿಡಿಕೆ, ಅಂದರೆ ರೆಗ್ಯುಲೇಟರ್, ಹಿಡಿಯಬೇಕು, ದಾರಿ ನೋಡಬೇಕು, ಕಾಲ ಬಳಿಯ ಒಲೆಗೆ ಚಿಕ್ಕ ಸಲಿಕೆಯಿಂದ ಕಲ್ಲಿದ್ದಲು ತಳ್ಳಬೇಕು. ನಮ್ಮ ಫೈರ್‌ಮನ್‌ಗಳು ಕೇಳಿದ್ದರೆ ಒಬ್ಬನ ಸಂಬಳಕ್ಕೆ ಇಬ್ಬರ ಕೆಲಸ ಎಂದು ಸಂಘದ ಕಚೇರಿಗೆ ಹೋಗುತ್ತಿದ್ದರು.

ಕರಾವಳಿ ರೈಲು ಎಂದ ಮೇಲೆ ದಾರಿಯುದ್ದಕ್ಕೂ ಕಡಲು ಕಾಣುತ್ತದೆಯೇ? (ಕುಂದಾಪುರದ ಓದುಗರು)

ಹೆಚ್ಚುಕಡಿಮೆ ಇಲ್ಲ. ಗಾಳಿಯಲ್ಲಿ ಉಪ್ಪಿದೆ, ತಲೆಯ ಮೇಲೆ ಕಡಲಹಕ್ಕಿ ಇದೆ, ಕಡಲು ಮಾತ್ರ ಡಿಮ್‌ಚರ್ಚಿನ ತಡೆಗೋಡೆಯ ಆಚೆ. ಆ ನೆಲವೇ ಕಡಲಿಗೆ ಅಡ್ಡ ಕಟ್ಟಿ ಉಳಿಸಿಕೊಂಡದ್ದು. ಕಾಣುವುದು ಕಾಲುವೆ, ಕುರಿ, ನ್ಯೂ ರೊಮ್ನಿ ದಾಟಿದ ಮೇಲೆ ಜನರ ಮನೆಗಳ ಹಿತ್ತಿಲು. ಒಣಗಲು ಹಾಕಿದ ಅಂಗಿಗಳ ಪಕ್ಕದಲ್ಲೇ ಹಾದುಹೋಗುತ್ತೇವೆ. ಕೊನೆಗೆ ಡಂಜನೆಸ್‌ನಲ್ಲಿ ಮರವಿಲ್ಲದ ಬೆಣಚುಕಲ್ಲಿನ ಬಯಲು, ದೀಪಸ್ತಂಭ, ಅದರ ಬದಿಯಲ್ಲಿ ಅಣು ವಿದ್ಯುತ್ ಸ್ಥಾವರ. ಅಲ್ಲಿ ಹಳಿ ದೊಡ್ಡ ಕುಣಿಕೆಯಾಗಿ ಸುತ್ತಿ ಬಂದ ದಾರಿಗೇ ಸೇರುತ್ತದೆ. ಕುಂದಾಪುರದವರಿಗೆ ಕಡಲು ತೋರಿಸಲು ಯಾರೂ ಅಷ್ಟು ದೂರ ಕರೆದೊಯ್ಯಬೇಕಾಗಿಲ್ಲ ಬಿಡಿ.

ಯುದ್ಧದಲ್ಲಿ ಈ ರೈಲಿಗೆ ಬಂದೂಕು ಕಟ್ಟಿದ್ದರೆಂದು ಎಲ್ಲೋ ಓದಿದೆ. ನಿಜವೇ? (ಮಡಿಕೇರಿಯ ನಿವೃತ್ತ ಸೈನಿಕರು)

ನಿಜ. ಎರಡನೆಯ ಮಹಾಯುದ್ಧದಲ್ಲಿ ಸೇನೆ ರೈಲನ್ನು ವಶಕ್ಕೆ ತೆಗೆದುಕೊಂಡಿತು. ಆಚೆ ದಡದಲ್ಲಿ ಫ್ರಾನ್ಸ್, ಅಲ್ಲಿ ಜರ್ಮನರು. ಹರ್ಕ್ಯುಲೀಸ್ ಎಂಬ ಎಂಜಿನ್ನಿಗೆ ಉಕ್ಕಿನ ಕವಚ ತೊಡಿಸಿ, ಹಿಂದೆ ಮುಂದೆ ಒಂದೊಂದು ಕವಚದ ವ್ಯಾಗನ್ ಸೇರಿಸಿ, ಅವುಗಳಲ್ಲಿ ಲೂಯಿಸ್ ಮೆಷಿನ್‌ಗನ್ ಮತ್ತು ಟ್ಯಾಂಕ್ ಭೇದಿಸುವ ಬಾಯ್ಸ್ ರೈಫಲ್ ಇಟ್ಟರು. ಸೈನಿಕರು ಅದರಲ್ಲಿ ಕಾವಲು ತಿರುಗಿದರು. ಯುದ್ಧದ ಕೊನೆಯ ವರ್ಷಗಳಲ್ಲಿ ಇಂಗ್ಲಿಷ್ ಕಡಲ್ಗಾಲುವೆಯ ತಳದಲ್ಲಿ ಫ್ರಾನ್ಸಿಗೆ ಇಂಧನ ಕಳಿಸುವ ಪ್ಲೂಟೊ ಎಂಬ ಕೊಳವೆ ಹಾಸಿದರಲ್ಲ, ಅದರ ಒಂದು ಸಾಲು ಹೊರಟದ್ದು ಡಂಜನೆಸ್‌ನಿಂದ. ಆ ಕೊಳವೆ ಸಾಗಿಸಲೂ ಇದೇ ಹಳಿ ದುಡಿಯಿತು.

ದುಡಿದು ನಜ್ಜುಗುಜ್ಜಾಯಿತು. 1946ರಲ್ಲಿ ಹೈದ್ ಭಾಗ ಮತ್ತೆ ತೆರೆಯಿತು. ಡಂಜನೆಸ್ ಭಾಗಕ್ಕೆ ಮೊದಲು ಜೋಡಿ ಹಳಿಯಿತ್ತು, 1947ರಲ್ಲಿ ಒಂಟಿ ಹಳಿಯಲ್ಲೇ ಆರಂಭಿಸಿದರು. ಇಂದಿಗೂ ಒಂಟಿಯೇ. ಮಾರ್ಚ್ 21ರಂದು ಅದನ್ನು ಉದ್ಘಾಟಿಸಿದವರು ಯಾರು ಗೊತ್ತೇ? ಸಿನಿಮಾದ ನಗೆಜೋಡಿ, ಸಣಕಲ ಲಾರೆಲ್ ಮತ್ತು ದಡೂತಿ ಹಾರ್ಡಿ. ಮಂತ್ರಿಗಳನ್ನು ಕರೆಯದೆ ಅವರಿಬ್ಬರನ್ನು ಕರೆಸಿದ ಧಣಿಯ ಬುದ್ಧಿಗೆ ನನ್ನದೊಂದು ನಮಸ್ಕಾರ. ಆ ಡಬ್ಬಿಯೊಳಗೆ ಹಾರ್ಡಿಯ ಮೈ ಹೇಗೆ ಹಿಡಿಸಿತೋ ದೇವರೇ ಬಲ್ಲ.

ಧಣಿ ತಾನೇ ಎಂಜಿನ್ ಓಡಿಸುತ್ತಿದ್ದನೇ, ಇಲ್ಲ ದುಡ್ಡು ಹಾಕಿ ದೂರ ನಿಲ್ಲುತ್ತಿದ್ದನೇ? (ಮೈಸೂರಿನ ಓದುಗರು)

ಓಡಿಸುವುದಕ್ಕೆಂದೇ ದುಡ್ಡು ಹಾಕಿದ್ದು! ನ್ಯೂ ರೊಮ್ನಿಯಲ್ಲೇ ಮನೆ ಮಾಡಿದ್ದ. ಏಳು ಎಂಜಿನ್‌ಗಳು ಪ್ಯಾಕ್ಸ್‌ಮನ್‌ನವು. ಅವುಗಳಲ್ಲಿ ಹರ್ಕ್ಯುಲೀಸ್ ಮತ್ತು ಸ್ಯಾಮ್ಸನ್ ಸರಕು ಎಳೆಯಲೆಂದು ಮಾಡಿದ ಗಟ್ಟಿಗರು, ನಡುವೆ ಎಂಟು ಚಕ್ರ. ಟೈಫೂನ್ ಮತ್ತು ಹರಿಕೇನ್ ಎಂಬೆರಡಕ್ಕೆ ವೇಗಕ್ಕಾಗಿ ಮೊದಲು ಮೂರು ಸಿಲಿಂಡರ್ ಇಡಿಸಿದ್ದ. ಹರಿಕೇನ್ ಆತನ ಕಣ್ಮಣಿ. ಅದು ಸಾಲದೆಂದು, ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಕಾರನ್ನು ಬಿಚ್ಚಿ ಅದರ ಎಂಜಿನ್ ಹಾಕಿ ಹಳಿಯ ಮೇಲೆ ಓಡುವ ಗಾಡಿ ಮಾಡಿಸಿದ್ದ. ಅದೂ ಪ್ರಯಾಣಿಕರನ್ನು ಎಳೆಯಿತು.

ರೈಲು ಅಧಿಕೃತವಾಗಿ ತೆರೆಯುವ ಮೊದಲೇ, 1926ರ ಆಗಸ್ಟಿನಲ್ಲಿ, ಯಾರ್ಕ್‌ನ ಡ್ಯೂಕ್ ಬಂದಾಗ ನಾರ್ದರ್ನ್ ಚೀಫ್‌ನ ರೆಗ್ಯುಲೇಟರನ್ನು ಅವರ ಕೈಗೇ ಕೊಟ್ಟರು. ಹತ್ತು ವರ್ಷದ ಮೇಲೆ ಅವರೇ ಆರನೆಯ ಜಾರ್ಜ್ ದೊರೆಯಾದರು. ಬಂದವರು ಯಾರೇ ಆಗಲಿ, ಹಾರ ಹಾಕಿ ಕೂರಿಸದೆ ಎಂಜಿನ್ ಹತ್ತಿಸಿದ್ದು ನನಗೆ ಮೆಚ್ಚುಗೆಯಾಯಿತು.

ಆದರೆ ಇದೆಲ್ಲ ಹೊರಗಿನಿಂದ ನೋಡುವವರಿಗೆ ಚೆಂದ. ಎಂಜಿನ್‌ಗಳನ್ನೂ ನಿಲ್ದಾಣಗಳನ್ನೂ ವಿನ್ಯಾಸಗೊಳಿಸಿದ ಗ್ರೀನ್‌ಲಿಗೂ ಧಣಿಗೂ ಕೊನೆಗೆ ಕೂಡಿಬರಲಿಲ್ಲ. 1929ರಲ್ಲಿ ಆತ ಜಗಳವಾಡಿಕೊಂಡು ಹೊರಟುಹೋದ. ತಪ್ಪು ಯಾರದೆಂದು ನಾನು ತೀರ್ಪು ಕೊಡುವುದಿಲ್ಲ. ಆದರೂ ಫಿಟ್ಟರನ ಒಲವು ನಕ್ಷೆ ಬರೆದವನ ಕಡೆಗೇ ಎಂಬುದನ್ನು ಬಚ್ಚಿಡಲಾರೆ. ಚೆಕ್ಕು ಬರೆದವನ ಹೆಸರು ಎಲ್ಲರ ಬಾಯಲ್ಲಿದೆ, ನಕ್ಷೆ ಬರೆದವನ ಹೆಸರನ್ನು ಹುಡುಕಿ ಓದಬೇಕಾಯಿತು.

ಹೌಯಿ ಹೋದ ಮೇಲೆ ರೈಲಿನ ಗತಿ ಏನಾಯಿತು? ಅಪಘಾತಗಳೇನಾದರೂ ಆಗಿವೆಯೇ? (ಬಳ್ಳಾರಿಯ ಓದುಗರು)

1963ರ ನಂತರ ಕೈಯಿಂದ ಕೈಗೆ ಹೋಗಿ ಸೊರಗಿತು. 1972ರಲ್ಲಿ ಸರ್ ವಿಲಿಯಂ ಮ್ಯಾಕ್ಅಲ್ಪೈನ್ ನೇತೃತ್ವದ ಗುಂಪು ಕೊಂಡು ಉಳಿಸಿತು. ಮರುವರ್ಷ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಎಂಬ ದೊಡ್ಡ ಎಂಜಿನ್ನನ್ನು ಅಮೆರಿಕದಿಂದ ಬಿಡಿಸಿ ತಂದವರೂ ಇವರೇ, ತೀರಿಕೊಂಡದ್ದು 2018ರಲ್ಲಿ. ಹಳಿ ಹಾಸುವ ಕಾಲಕ್ಕೆ ದುಡಿದ ಬಗ್ ಎಂಬ ಜರ್ಮನ್ ಮರಿ ಎಂಜಿನ್ ಎಂದೋ ಮಾರಾಟವಾಗಿ ಬೆಲ್‌ಫಾಸ್ಟ್‌ನ ಗುಜರಿಯಲ್ಲಿ ಬಿದ್ದಿತ್ತು. ಅದನ್ನೂ ಹುಡುಕಿ ತಂದು ಮತ್ತೆ ಹಳಿಗೆ ಹತ್ತಿಸಿದ್ದಾರೆ.

ಅಪಘಾತದ ಮಾತು ಕಹಿ. 2003 ಮತ್ತು 2005ರಲ್ಲಿ ಲೆವೆಲ್ ಕ್ರಾಸಿಂಗಿನಲ್ಲಿ ಕಾರುಗಳು ರೈಲಿಗೆ ಅಡ್ಡಬಂದು ಇಬ್ಬರು ರೈಲು ಡ್ರೈವರುಗಳು ಪ್ರಾಣ ಕಳೆದುಕೊಂಡರು. ಅಲ್ಲಿಯವರೆಗೆ ಆ ಕ್ರಾಸಿಂಗುಗಳಲ್ಲಿ ಇದ್ದದ್ದು ಎಚ್ಚರಿಕೆಯ ದೀಪ ಮಾತ್ರ. ಆಮೇಲೆ ತಡೆಗಂಬಗಳು ಬಂದವು. ರೈಲು ಚಿಕ್ಕದೆಂದು ಕಾರಿನವರು ಅದನ್ನು ಲೆಕ್ಕಕ್ಕಿಡುವುದಿಲ್ಲ. ಕಾರಿನ ಮೂತಿಯ ಮಟ್ಟಕ್ಕೇ ಡ್ರೈವರನ ಎದೆ ಇರುತ್ತದೆಂಬುದು ಹೈದ್‌ನಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿದ್ದಾಗ ನನ್ನ ಕಣ್ಣಿಗೂ ಬಿದ್ದಿತ್ತು.

ನಿಜ ಹೇಳಿ, ಅಂಥ ಧಣಿಯ ಕೈಕೆಳಗೆ ನೀವು ಕೆಲಸ ಮಾಡುತ್ತಿದ್ದಿರಾ? (ಹುಬ್ಬಳ್ಳಿಯ ಹಳೆಯ ಸಹೋದ್ಯೋಗಿ)

ನಿನ್ನ ಅಕ್ಷರ ನೋಡಿದ ಕೂಡಲೇ ಯಾರೆಂದು ತಿಳಿಯಿತು ಕಣಯ್ಯ. ಬಿಳಿ ಪ್ಯಾಂಟಿನ ಸಾಹೇಬರು ತಪಾಸಣೆಗೆ ಬಂದು, ಕರವಸ್ತ್ರದಿಂದ ಎಂಜಿನ್ ಮುಟ್ಟಿ, ಕರವಸ್ತ್ರ ಕಪ್ಪಾಯಿತೆಂದು ನಮ್ಮನ್ನು ಬೈದು ಹೋದದ್ದು ನಿನಗೂ ನೆನಪಿರಬೇಕು. ಹೌಯಿಯಾದರೋ ತಾನೇ ಕೈ ಕಪ್ಪು ಮಾಡಿಕೊಳ್ಳುತ್ತಿದ್ದ. ಹಾಗಾಗಿ, ಮಾಡುತ್ತಿದ್ದೆ. ಒಂದೇ ಷರತ್ತು: ನನ್ನನ್ನು ಹರಿಕೇನ್ ಮೇಲೆ ಹಾಕಬಾರದು. ಬೆಳಗಿನ ನಾಲ್ಕಕ್ಕೆ ಎದ್ದು, ಬೂದಿ ತೆಗೆದು, ಒಲೆ ಹಚ್ಚಿ, ಉಗಿ ಏರಿಸಿ, ರಾಡು ಬೆಳ್ಳಿ ಮಾಡಿ ನಿಲ್ಲಿಸಿದ ಹೊತ್ತಿಗೆ ಧಣಿ ತಿಂಡಿ ಮುಗಿಸಿ ಬಂದು ಏರಿ ಹೋಗಿಬಿಡುತ್ತಾನೆ. ನನಗೆ ಹರ್ಕ್ಯುಲೀಸ್ ಸಾಕು. ಅದನ್ನು ಕೇಳಿಕೊಂಡು ಆತ ಬರುವುದಿಲ್ಲ.